ನೀಲಿ ಗುರುತಿನ ಕುರಿಗಳು

ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ಶಿಕ್ಷಕರ ತರಬೇತಿಯಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಜೊತೆಗಿದ್ದ ಗಣಿತದ ಮೇಷ್ಟ್ರು ತಮ್ಮ ನಾಯಿಗೆ ಉಣ್ಣಿಪುಡಿ ಬೇಕೆಂದು ಬಸ್ ನಿಲ್ದಾಣದ ಹತ್ತಿರದ ಪಶು ಔಷಧಿ ಅಂಗಡಿಗೆ ಹೊರಟರು. ನಾನೂ ಹೋದೆ. ಅಂಗಡಿಯವನು ಕುರಿ ಸಾಕುವ ಒಬ್ಬರಿಗೆ ಬಿಳಿ ಸೀಸೆಯೊಂದನ್ನು ತೋರಿಸುತ್ತಿದ್ದ. "ಹುಳ ಬೀಳೋಕೆ ಮುಂಚೇನೇ ಹೊಡೆದುಬಿಡಿ. ಘಾಟಿಲ್ಲ, ಬೇಕಾದ್ರೆ ಮೂಸಿ ನೋಡಿ" ಎಂದು ಮುಚ್ಚಳ ತಿರುಗಿಸಿ ಅವರ ಮೂಗಿನ ಹತ್ತಿರ ಹಿಡಿದ. ಗುಲಾಬಿಯ ಸುಗಂಧ. ಅದರ ಅಡಿಯಲ್ಲಿ, ಗೊತ್ತಿದ್ದವರಿಗೆ ಮಾತ್ರ ತಿಳಿಯುವಂತೆ, ಕಮಟು ಹತ್ತಿದ ಕಡಲೆಕಾಯಿಯಂಥ ಒಂದು ಕಹಿ ವಾಸನೆ. ನಾಲ್ಕು ಹೆಜ್ಜೆ ದೂರದಲ್ಲಿದ್ದ ನನಗೂ ಅದು ಬಂತು. ಮೇಷ್ಟ್ರಿಗೆ ಹೇಳಿ ಹೊರಗೆ ಬಂದು ರಸ್ತೆ ಬದಿಯಲ್ಲಿ ನಿಂತೆ.

ಆ ಸೀಸೆಯೊಳಗೆ ಇದ್ದದ್ದನ್ನು ಮಾಡಿದವರಲ್ಲಿ ನಾನೂ ಒಬ್ಬಳು. ಸೀಸೆಯ ಮೇಲೆ ನನ್ನ ಹೆಸರಿಲ್ಲ. ಅದಕ್ಕೆ ನನಗೆ ದುಃಖವೂ ಇಲ್ಲ. ಆದರೆ ಆ ವಾಸನೆ ಬಂದೊಡನೆ ನಾಲ್ಕು ವರ್ಷದ ಹಿಂದಿನ ಒಂದು ಮಳೆಗಾಲ ಪೂರ್ತಿಯಾಗಿ ಎದ್ದು ಬಂತು. ಸಂಜೆ ಹೊಳೆನರಸೀಪುರಕ್ಕೆ ಬಸ್ಸು ತಲುಪುವವರೆಗೂ ಅದು ನನ್ನನ್ನು ಬಿಡಲಿಲ್ಲ.

ಆಗ ನಾನು ಹಾಸನದಲ್ಲಿ ನೊಣ ಸಾಕುತ್ತಿದ್ದೆ. ಹೇಳಿದರೆ ಜನ ನಗುತ್ತಾರೆ, ಆದರೆ ಅದೇ ನನ್ನ ಕೆಲಸ. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದೂವರೆ ವರ್ಷ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದವಳಿಗೆ, ಊರಾಚೆ ಎರಡು ಕೋಣೆಯ ಒಂದು ಖಾಸಗಿ ಪ್ರಯೋಗಶಾಲೆಯಲ್ಲಿ ಸಹಾಯಕಿಯ ಕೆಲಸ ಸಿಕ್ಕಿತ್ತು. ಅದನ್ನು ನಡೆಸುತ್ತಿದ್ದವರು ಗಿರಿಜಾ ಮೇಡಂ. ಐವತ್ತರ ಆಸುಪಾಸಿನ ಹೆಂಗಸು, ಪಶುವೈದ್ಯೆ, ಸರ್ಕಾರಿ ಕೆಲಸ ಬಿಟ್ಟು ಬಂದವರು. ಅವರ ಪ್ರಯೋಗಕ್ಕೆ ಪ್ರಾಣಿಗಳ ಔಷಧ ಮಾಡುವ ಒಂದು ಕಂಪನಿ ಬೆಂಬಲ ಕೊಟ್ಟಿತ್ತು.

ಕುರಿಗಳಿಗೆ ಮಳೆಗಾಲದಲ್ಲಿ ಹುಳ ಬೀಳುವುದನ್ನು ಹಳ್ಳಿಯಲ್ಲಿ ನೋಡದವರಿಲ್ಲ. ಹೊಳೆಯುವ ಹಸಿರು ನೊಣವೊಂದಿದೆ. ಒದ್ದೆಯಾದ ಉಣ್ಣೆಯಲ್ಲಿ, ಬಾಲದ ಬುಡದಲ್ಲಿ, ಮುಳ್ಳು ಗೀರಿದ ಗಾಯದಲ್ಲಿ, ಮರಿ ಹಾಕಿದ ಕುರಿಯ ಹಿಂಭಾಗದಲ್ಲಿ ಅದು ಮೊಟ್ಟೆ ಇಡುತ್ತದೆ. ಒಂದೇ ದಿನದಲ್ಲಿ ಮೊಟ್ಟೆ ಒಡೆದು ಹುಳವಾಗಿ, ಬದುಕಿರುವ ಕುರಿಯನ್ನೇ ತಿನ್ನಲು ಶುರುಮಾಡುತ್ತವೆ. ಅಂಗಡಿಯಲ್ಲಿ ಸಿಗುತ್ತಿದ್ದ ಹಳೆಯ ಔಷಧಗಳಿಗೆ ನೊಣಗಳು ಒಗ್ಗಿಹೋಗಿದ್ದವು. ಕುರಿಯವರು ಎರಡು ಪಟ್ಟು, ಮೂರು ಪಟ್ಟು ಸುರಿಯುತ್ತಿದ್ದರು. ನೊಣ ಸಾಯುತ್ತಿರಲಿಲ್ಲ, ಕುರಿಯ ಚರ್ಮ ಸುಡುತ್ತಿತ್ತು. ಹೊಸದೊಂದು ಬೇಕಿತ್ತು. ಮೇಡಂ ಸೀತಾಫಲದ ಬೀಜದಿಂದ ಅದನ್ನು ತೆಗೆಯಲು ಹೊರಟಿದ್ದರು.

ನನ್ನ ಪಾಲಿಗೆ ಬಂದದ್ದು ನೊಣಗಳು. ಬಲೆಯ ಪೆಟ್ಟಿಗೆಗಳಲ್ಲಿ ಅವನ್ನಿಟ್ಟು ಸಕ್ಕರೆ, ಹಾಲಿನ ಪುಡಿ ಹಾಕುತ್ತಿದ್ದೆ. ಮೊಟ್ಟೆ ಇಡಲು ಮಾಂಸದಂಗಡಿಯಿಂದ ತಂದ ಈಲಿ, ಅಂದರೆ ಲಿವರಿನ ತುಂಡು, ಇಡುತ್ತಿದ್ದೆ. ಎರಡನೇ ದಿನಕ್ಕೆ ಆ ಈಲಿ ಕೊಳೆತು ನಾರುತ್ತಿತ್ತು. ಸ್ನಾನ ಮಾಡಿದರೂ ವಾಸನೆ ಹೋಗುತ್ತಿರಲಿಲ್ಲ. ಸಂಜೆ ಬಸ್ಸಿನಲ್ಲಿ ನನ್ನ ಪಕ್ಕ ಕೂತವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಹುಡುಕುತ್ತಿದ್ದರು. ಅಮ್ಮ ಬಾಗಿಲಲ್ಲೇ ಬಕೆಟ್ಟಿನಲ್ಲಿ ನೀರಿಟ್ಟು ಕಾಯುತ್ತಿದ್ದಳು. ಅಪ್ಪ ಗೋಡೆಗೆ ಬಣ್ಣ ಹೊಡೆಯುವ ಕೆಲಸದವನು. "ನನ್ ಮೈಗೆ ಟರ್ಪೆಂಟೈನು, ನಿನ್ ಮೈಗೆ ನೊಣದ್ದು. ಬುಡು, ಇಬ್ರೂ ಕೆಲ್ಸ ಮಾಡೋರೇ ಅಲ್ವಾ" ಎಂದು ನಗುತ್ತಿದ್ದ. ಮನೆಯಲ್ಲಿ ಬುದ್ಧನ ಪಟದ ಕೆಳಗೆ ನನ್ನ ಎಂ.ಎಸ್ಸಿ. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದವನೂ ಅವನೇ.

ಮೇಡಂ ನನ್ನ ಪಕ್ಕದಿಂದ ಎಂದೂ ಸರಿದು ಕೂರಲಿಲ್ಲ. ಮೊದಲನೇ ವಾರವೇ ನನ್ನ ಡಬ್ಬಿ ತೆಗೆಸಿ, ಮುದ್ದೆ ಮುರಿದು, ಅಮ್ಮ ಮಾಡಿದ ಉಪ್ಪೆಸರಿನಲ್ಲಿ ಅದ್ದಿ ನುಂಗಿದರು. "ನಿಮ್ಮಮ್ಮನಿಗೆ ಹೇಳು, ನಾಳೆಯಿಂದ ಎರಡು ಮುದ್ದೆ ಕಟ್ಟಲಿ" ಎಂದರು. ಅದು ದೊಡ್ಡ ವಿಷಯವೇ ಎಂದು ಯಾರಾದರೂ ಕೇಳಬಹುದು. ನಮ್ಮ ಮನೆಯಲ್ಲಿ ಅದು ದೊಡ್ಡ ವಿಷಯ. ಅಮ್ಮ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದಳು.

ಇನ್ನೊಂದು ದಿನ ಬೀಜದ ಪುಡಿ ಜರಡಿ ಹಿಡಿಯುವಾಗ ನನ್ನ ಕಣ್ಣಿಗೆ ಹಾರಿತು. ಸೀತಾಫಲದ ಬೀಜ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋದೀತು. ನಾನು ಕಿರುಚಿಕೊಂಡೆ. ಮೇಡಂ ಓಡಿ ಬಂದು ನನ್ನ ತಲೆಯನ್ನು ನಲ್ಲಿಯ ಕೆಳಗೆ ಹಿಡಿದು, ರೆಪ್ಪೆ ಬಿಡಿಸಿ, ನಾನು ಒದ್ದಾಡಿದರೂ ಬಿಡದೆ ನೀರು ಹರಿಸಿದರು. ಅವರ ಸೀರೆ ಪೂರ್ತಿ ನೆನೆದುಹೋಯಿತು. ಆಟೋದಲ್ಲಿ ಕಣ್ಣಿನ ಆಸ್ಪತ್ರೆಗೆ ಹೋಗುವಾಗ ನನ್ನ ಕೈ ಹಿಡಿದೇ ಇದ್ದರು. ಒಂದು ವಾರಕ್ಕೆ ಕಣ್ಣು ಸರಿಯಾಯಿತು. ಆ ವಾರದಿಂದ ಅವರು ಹೇಳಿದ್ದಕ್ಕೆ ಯಾಕೆ ಎಂದು ಕೇಳುವುದನ್ನು ನಾನು ಬಿಟ್ಟುಬಿಟ್ಟೆ.

ಮೇ ತಿಂಗಳ ಕೊನೆಯಲ್ಲಿ ಔಷಧ ಕೈಗೆ ಬಂತು. ಗಾಜಿನ ತಟ್ಟೆಗಳಲ್ಲಿ ಒದ್ದೆ ಕಾಗದ ಹಾಸಿ, ಒಂದೊಂದರಲ್ಲೂ ಇಪ್ಪತ್ತು ಹುಳ ಬಿಟ್ಟು, ಬೇರೆ ಬೇರೆ ಪ್ರಮಾಣದಲ್ಲಿ ಔಷಧ ಹಾಕಿ ನೋಡುತ್ತಿದ್ದೆವು. ಆ ದಿನ ಬೆಳಿಗ್ಗೆ ಹಾಕಿದ್ದು ಸಂಜೆಯೊಳಗೆ ಎಲ್ಲ ತಟ್ಟೆಗಳಲ್ಲೂ ಕೆಲಸ ಮಾಡಿತ್ತು. ಅರ್ಧ ಪ್ರಮಾಣದ ತಟ್ಟೆಯಲ್ಲೂ ಒಂದು ಹುಳ ಮಿಸುಕುತ್ತಿರಲಿಲ್ಲ. ಪ್ರಯೋಗಶಾಲೆಯ ಎರಡು ಕುರಿಗಳ ಮೇಲೆ ಸಿಂಪಡಿಸಿದರೆ ಚರ್ಮಕ್ಕೆ ಏನೂ ಆಗಲಿಲ್ಲ. ಮೇಡಂ ನನ್ನನ್ನು ತಬ್ಬಿಕೊಂಡರು. "ಇನ್ನು ಮಳೆ ಬರಲಿ ಸುಜಾತಾ. ಹಳ್ಳಿಗೆ ಹೋಗೋಣ" ಎಂದರು.

ಮಳೆ ಬಂತು. ಹೊಳೆನರಸೀಪುರದ ಕಡೆ ಒಂದು ಮಂದೆ, ಚನ್ನರಾಯಪಟ್ಟಣದ ಕಡೆ ಒಂದು, ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಹತ್ತಿರ ಒಂದು, ಹೀಗೆ ಮೂರು ಮಂದೆಗಳನ್ನು ಆರಿಸಿದೆವು. ಪ್ರತಿ ಮಂದೆಯಲ್ಲೂ ಅರ್ಧ ಕುರಿಗಳ ಹಣೆಗೆ ಕೆಂಪು ಬಣ್ಣ, ಅರ್ಧ ಕುರಿಗಳಿಗೆ ನೀಲಿ. ಕೆಂಪು ಕುರಿಗಳಿಗೆ ಕೆಂಪು ಮುಚ್ಚಳದ ಸೀಸೆ, ನೀಲಿಗೆ ನೀಲಿ ಮುಚ್ಚಳದ್ದು. ಕೆಂಪಿನದು ಪೂರ್ಣ ಪ್ರಮಾಣ, ನೀಲಿಯದು ಅರ್ಧ ಪ್ರಮಾಣ ಎಂದು ಮೇಡಂ ಹೇಳಿದರು. ಅರ್ಧದಲ್ಲೇ ಕೆಲಸ ಆದರೆ ಕುರಿಯವರಿಗೂ ಒಳ್ಳೆಯದಲ್ಲವೆ ಎಂದರು. ಕೆಂಪು ಸೀಸೆಗಳನ್ನು ನಾನು ತುಂಬಿದೆ. ನೀಲಿಯವನ್ನು ಒಂದು ಭಾನುವಾರ ಅವರೇ ತುಂಬಿಟ್ಟಿದ್ದರು. ಎರಡೂ ಹಾಲಿನಂತೆ ಬೆಳ್ಳಗಿದ್ದವು. ಎರಡಕ್ಕೂ ಗುಲಾಬಿ ಸುಗಂಧ ಬೆರೆಸಿದ್ದರು. ಘಾಟು ಎಂದು ಕುರಿಯವರು ಬೇಡವೆನ್ನಬಾರದು ಎಂಬುದು ಅವರು ಕೊಟ್ಟ ಕಾರಣ.

ಮಲ್ಲಿಪಟ್ಟಣದ ಮಂದೆ ಸಿದ್ದಮ್ಮನದು. ನಲವತ್ತೈದು ದಾಟಿದ ಗಟ್ಟಿ ಹೆಂಗಸು. ಅವರ ಗಂಡ ಆ ತಿಂಗಳುಗಳಲ್ಲಿ ರಾಮನಾಥಪುರದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಕೆಲಸಕ್ಕೆ ಹೋಗಿಬಿಡುತ್ತಿದ್ದರಿಂದ ನಲವತ್ತು ಚಿಲ್ಲರೆ ಕುರಿಗಳನ್ನು ಒಬ್ಬರೇ ನೋಡಿಕೊಳ್ಳುತ್ತಿದ್ದರು. ಮೊದಲ ದಿನ ನಾನು ಔಷಧದ ವಿಷಯ ಹೇಳಿದಾಗ ಅವರು ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಇದ್ರಾಗೆ ಏನೈತವ್ವ?"

"ಸೀತಾಫಲದ ಬೀಜ ಅಕ್ಕ."

ಅವರು ಜೋರಾಗಿ ನಕ್ಕರು. "ಅಯ್ಯೋ ನನ್ ಮಗ! ನಾವು ಸೊಪ್ಪು ಅರೀತೀವಿ, ನೀವು ಬೀಜ ಅರೆದೀರಿ. ಅಷ್ಟೇಯಾ?"

ಅವರು ಉಳಿದ ಕುರಿಯವರಂತೆ ಸೀತಾಫಲದ ಎಲೆಯನ್ನು ಹೊಗೆಸೊಪ್ಪಿನ ಪುಡಿಯ ಜೊತೆ ಅರೆದು, ಹುಳ ಬಿದ್ದ ಗಾಯಕ್ಕೆ ತುಂಬುತ್ತಿದ್ದರು. ದಪ್ಪ ಹುಳಗಳನ್ನು ಜಡೆಪಿನ್ನಿನಿಂದ ಒಂದೊಂದಾಗಿ ತೆಗೆಯುತ್ತಿದ್ದರು. ಕೆಲವು ಕುರಿಗಳು ಉಳಿಯುತ್ತಿದ್ದವು, ಕೆಲವು ಹೋಗುತ್ತಿದ್ದವು. ನಮ್ಮ ಔಷಧ ಹುಳ ಬೀಳದಂತೆಯೇ ತಡೆಯುತ್ತದೆ ಎಂದೆ. ಆದರೆ ಪ್ರಯೋಗ ಮುಗಿಯುವವರೆಗೆ ಬೇರೇನೂ ಹಚ್ಚಬಾರದು, ಹಚ್ಚಿದರೆ ಯಾವುದರಿಂದ ವಾಸಿಯಾಯಿತು ಎಂದು ತಿಳಿಯುವುದಿಲ್ಲ ಎಂದೂ ಹೇಳಿದೆ. ಇದನ್ನೂ ಮೇಡಂ ಹೇಳಿಕಳಿಸಿದ್ದರು.

"ಎರಡು ಸೀಸೇನಾಗೂ ಔಸ್ದಿನೇ ತಾನೆ?" ಎಂದು ಸಿದ್ದಮ್ಮ ಕೇಳಿದರು.

"ಎರಡರಲ್ಲೂ ಔಷಧನೇ ಅಕ್ಕ. ಒಂದ್ರಲ್ಲಿ ಜಾಸ್ತಿ, ಒಂದ್ರಲ್ಲಿ ಕಮ್ಮಿ."

"ಸರಿ ಬುಡು. ನೀನು ಏಳ್ತೀಯ ಅಂತ ಒಪ್ಕಂಡಿವ್ನಿ" ಎಂದು ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದರು. ಆ ಕಾಗದ ಕನ್ನಡದಲ್ಲಿ ಒಂದೇ ಪುಟ. ಅದರ ಹಿಂದೆ ಇಂಗ್ಲಿಷಿನಲ್ಲಿ ನಾಲ್ಕು ಪುಟ. ಹೊರಡುವ ಮೊದಲು ಪ್ರಯೋಗಶಾಲೆಯಲ್ಲಿ ಊಟಕ್ಕೆ ಕೂತಿದ್ದಾಗ ಮೇಡಂ ಆ ಕಟ್ಟನ್ನು ನನ್ನ ಮುಂದಿಟ್ಟು, ಗುರುತು ಹಾಕಿದ ಕಡೆಯೆಲ್ಲ ನನ್ನಿಂದ ಸಹಿ ಹಾಕಿಸಿದ್ದರು. "ಎಲ್ಲ ಫಾರ್ಮಾಲಿಟಿ. ಬೇಗ ಹಾಕು, ಬಸ್ ತಪ್ಪತ್ತೆ." ನನಗೆ ಇಂಗ್ಲಿಷ್ ಓದಲು ಬರುತ್ತಿತ್ತು. ನಾನು ಓದಲಿಲ್ಲ.

ಹತ್ತು ದಿನಕ್ಕೊಮ್ಮೆ ಹೋಗಿ ಸಿಂಪಡಿಸುತ್ತಿದ್ದೆ. ಹಾಸನದಿಂದ ಅರಕಲಗೂಡಿಗೆ ಒಂದು ಬಸ್ಸು, ಅಲ್ಲಿಂದ ಮಲ್ಲಿಪಟ್ಟಣಕ್ಕೆ ಇನ್ನೊಂದು. ಬೆನ್ನಿಗೆ ಸಿಂಪಡಿಸುವ ಕ್ಯಾನು. ಆ ವರ್ಷ ಜಡಿಮಳೆ ಬಿಟ್ಟೂ ಬಿಡದೆ ಸುರಿಯಿತು. ಕುರಿಗಳ ಮೈ ಒಣಗುವುದಕ್ಕೆ ಎಡೆಯೇ ಇರಲಿಲ್ಲ. ನೊಣಗಳಿಗೆ ಅದಕ್ಕಿಂತ ಒಳ್ಳೆಯ ಕಾಲ ಬೇರೆ ಬೇಕಿರಲಿಲ್ಲ. ಸಿದ್ದಮ್ಮ ಒಂದೊಂದೇ ಕುರಿಯನ್ನು ಮೊಣಕಾಲ ಸಂದಿಯಲ್ಲಿ ಹಿಡಿದು ನಿಲ್ಲಿಸುತ್ತಿದ್ದರು, ನಾನು ಸಿಂಪಡಿಸುತ್ತಿದ್ದೆ. ಪ್ರತಿಯೊಂದಕ್ಕೂ ಹೆಸರು. ಕೊಂಬು ಸುತ್ತಿದವನು ದಳವಾಯಿ, ಕಿವಿ ಕತ್ತರಿಸಿದವಳು ಮೊಂಡಿ, ಹಣೆಯಲ್ಲಿ ಬಿಳಿ ಮಚ್ಚೆಯಿದ್ದವಳು ಚಿಕ್ಕಿ. ಕೆಲಸ ಮುಗಿದ ಮೇಲೆ ಅವರ ಮನೆಯ ಜಗಲಿಯಲ್ಲಿ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದೆವು. ನನ್ನ ಮೈ ವಾಸನೆಗೆ ಮೂಗು ಮುಚ್ಚದ ಎರಡನೆಯ ಹೊರಗಿನವರು ಅವರು.

ಜುಲೈ ಎರಡನೇ ವಾರ ಅವರ ಫೋನು ಬಂತು.

"ಮಗ, ನೀಲಿಯವಕ್ಕೆ ಉಳ ಬಿದ್ದವೆ ಕಣವ್ವ. ಕೆಂಪಿನವು ಸಂದಾಕವೆ. ನೀಲಿಯವು ಮೂರು ಮೇವು ಬುಟ್ಬುಟ್ಟವೆ."

ಮೇಡಂಗೆ ಹೇಳಿದೆ. ಅವರು ನಿರಾಳವಾಗಿ ಬರೆದುಕೊಂಡರು. "ಕಡಿಮೆ ಪ್ರಮಾಣ ಅಲ್ವಾ, ನಿಧಾನಕ್ಕೆ ಕೆಲಸ ಮಾಡುತ್ತೆ. ಹೋಗಿ ಇನ್ನೊಂದು ಸಲ ನೀಲಿ ಸಿಂಪಡಿಸು. ಫೋಟೋ ತೆಗೆ. ಎರಡು ದಿನ ಕಾಯಲಿ, ಏನೂ ಹಚ್ಚೋದು ಬೇಡ."

ಹೋದೆ. ಚಿಕ್ಕಿ ನಾಲ್ಕು ದಿನದ ಹಿಂದೆ ಮರಿ ಹಾಕಿತ್ತು. ಅದರ ಹಣೆಯ ಬಿಳಿ ಮಚ್ಚೆಯ ಪಕ್ಕದಲ್ಲೇ ನೀಲಿ ಗುರುತು. ಮಂದೆಯಿಂದ ದೂರ, ಬೇಲಿಯ ಬದಿಯಲ್ಲಿ ತಲೆ ತಗ್ಗಿಸಿ ನಿಂತು ನೆಲಕ್ಕೆ ಹಿಂಗಾಲು ಬಡಿಯುತ್ತಿತ್ತು. ಬಾಲ ಎತ್ತಿ ನೋಡಿದರೆ ಒಳಗೆ ಹುಳಗಳು ಕುದಿಯುವ ಅನ್ನದಂತೆ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದವು. ಸಾವಿರಾರು ಹುಳ ಸಾಕಿದ್ದ ನಾನು ಅವನ್ನು ಬದುಕಿರುವ ಪ್ರಾಣಿಯಲ್ಲಿ ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

ಸಿದ್ದಮ್ಮ ಆಗಲೇ ಸೊಪ್ಪು ಅರೆದು ತಂದಿದ್ದರು. ಅಂಗೈ ತುಂಬ ಹಸಿರು ಉಂಡೆ. ಕುರಿಯ ಹತ್ತಿರ ಬಗ್ಗಿದರು. ನಾನು ಅವರ ಮಣಿಕಟ್ಟು ಹಿಡಿದುಕೊಂಡೆ.

"ಬೇಡ ಅಕ್ಕ. ಎರಡೇ ದಿನ. ಈಗ ಇನ್ನೊಂದ್ಸಲ ಹೊಡೀತೀನಿ, ಕಮ್ಮಿಯಾಗುತ್ತೆ."

"ಸಾಯ್ತದೆ ಕಣ್ ಮಗ. ನಾ ನೋಡಿವ್ನಿ, ಇಂಗೆ ನಿಂತ್ಕಂಡ್ರೆ ಸಾಯ್ತವೆ."

"ನನ್ನ ನಂಬಿ ಅಕ್ಕ."

ಅವರು ನನ್ನ ಮುಖವನ್ನೇ ನೋಡಿದರು. ಆಮೇಲೆ ಸೊಪ್ಪಿನ ಉಂಡೆಯನ್ನು ಬೇಲಿಯಾಚೆ ಎಸೆದು, ಕೈಯನ್ನು ಸೆರಗಿಗೆ ಒರೆಸಿಕೊಂಡರು. ನಾನು ನೀಲಿ ಮುಚ್ಚಳದ ಸೀಸೆ ತೆಗೆದು ಚಿಕ್ಕಿಗೆ ಚೆನ್ನಾಗಿ ನೆನೆಯುವಂತೆ ಸಿಂಪಡಿಸಿದೆ.

ಚಿಕ್ಕಿ ಮಾರನೆಯ ದಿನ ಸಂಜೆ ಸತ್ತಿತು. ಅದರ ಹಿಂದೆಯೇ ಇನ್ನೂ ಮೂರು. ನಾಲ್ಕೂ ನೀಲಿ ಗುರುತಿನವು. ಸಿದ್ದಮ್ಮ ಫೋನಿನಲ್ಲಿ ಬಯ್ಯಲಿಲ್ಲ. "ಮರಿ ಮೊಲೆಗೆ ಉಡುಕ್ತಾ ಐತೆ ಕಣವ್ವ" ಎಂದಷ್ಟೇ ಹೇಳಿ ಇಟ್ಟರು.

ನನ್ನ ಮನಸ್ಸು ತಡೆಯಲಿಲ್ಲ. ಅರ್ಧ ಪ್ರಮಾಣದಲ್ಲೂ ಹುಳಗಳು ಸಂಜೆಯೊಳಗೆ ಸಾಯುವುದನ್ನು ನಾನೇ ಕಣ್ಣಾರೆ ನೋಡಿದ್ದೆ. ಸೀಸೆ ಕೆಟ್ಟಿರಬಹುದೆ, ಬಿಸಿಲಿಗೆ ಸಿಕ್ಕಿತೆ? ಮೇಡಂ ಬೆಂಗಳೂರಿಗೆ ಹೋಗಿದ್ದ ದಿನ, ನನ್ನ ಚೀಲದಲ್ಲಿ ಉಳಿದಿದ್ದ ನೀಲಿ ಸೀಸೆಯಿಂದ ತೆಗೆದು ತಟ್ಟೆಗೆ ಹಾಕಿ ಇಪ್ಪತ್ತು ಹುಳ ಬಿಟ್ಟೆ. ಪಕ್ಕದ ತಟ್ಟೆಗೆ ಕೆಂಪು ಸೀಸೆಯದನ್ನು ನಾನೇ ಅರ್ಧಕ್ಕರ್ಧ ನೀರು ಬೆರೆಸಿ ಹಾಕಿದೆ. ಮೂರನೆಯದಕ್ಕೆ ಬರೀ ನೀರಿಗೆ ಸೋಪು, ಬಿಳಿ ಬರಿಸುವ ಪುಡಿ, ಗುಲಾಬಿ ಸುಗಂಧ. ಸಂಜೆ ಐದಕ್ಕೆ ನೋಡಿದೆ. ನಡುವಿನ ತಟ್ಟೆಯ ಹುಳಗಳು ಕಪ್ಪಾಗಿ ಮುರುಟಿದ್ದವು. ಸೋಪು ನೀರಿನವು ಆರಾಮವಾಗಿ ಓಡಾಡಿಕೊಂಡಿದ್ದವು. ನೀಲಿ ಸೀಸೆಯವೂ ಅಷ್ಟೇ ಆರಾಮವಾಗಿದ್ದವು.

ಮಾರನೆಯ ದಿನ ಬೆಳಿಗ್ಗೆ ಮೂರು ತಟ್ಟೆಗಳನ್ನೂ ಮೇಡಂ ಮೇಜಿನ ಮೇಲಿಟ್ಟೆ. ಅವರು ನೋಡಿದರು. ಸುಳ್ಳು ಹೇಳಲಿಲ್ಲ. ಅದೊಂದನ್ನು ಅವರ ಪರವಾಗಿ ಹೇಳಬೇಕು.

"ಕೂತ್ಕೋ ಸುಜಾತಾ."

"ನೀಲಿಯಲ್ಲಿ ಏನೂ ಇರಲಿಲ್ವಾ ಮೇಡಂ?"

"ಇರಲಿಲ್ಲ. ಔಷಧ ಹಾಕದ ಕುರಿ ಎಷ್ಟು ಸಾಯುತ್ತೆ ಅಂತ ತೋರಿಸದೆ ಹೋದ್ರೆ ಔಷಧ ಹಾಕಿದ ಕುರಿ ಉಳಿದದ್ದು ಔಷಧದಿಂದಲೇ ಅಂತ ಯಾರು ನಂಬ್ತಾರೆ? ನಿನಗೆ ಇದೆಲ್ಲ ಗೊತ್ತಿಲ್ವಾ? ಎಲ್ಲ ಕಡೆ ಹೀಗೇ ಮಾಡೋದು."

"ಹೇಳಿ ಮಾಡ್ತಾರೆ ಮೇಡಂ. ಹುಳ ಬಿದ್ದ ತಕ್ಷಣ ಬೇರೆ ಔಷಧ ಕೊಟ್ಟು ಉಳಿಸ್ತಾರೆ."

"ಹೇಳಿದ್ರೆ ಯಾರು ಒಪ್ತಿದ್ರು? ಹುಳ ಬಿದ್ದ ಕೂಡಲೇ ಬೇರೆ ಔಷಧ ಕೊಟ್ರೆ ಸಾಯೋ ಲೆಕ್ಕ ಸಿಗುತ್ತಾ?"

"ನನಗಾದ್ರೂ ಹೇಳಬಹುದಿತ್ತಲ್ಲ."

ಅವರು ತಟ್ಟೆಗಳನ್ನು ಪಕ್ಕಕ್ಕೆ ಸರಿಸಿದರು. ಧ್ವನಿ ಮೆತ್ತಗಾಯಿತು. "ನಿನಗೆ ಹೇಳಿದ್ರೆ ನಿನ್ನ ಮುಖ ನೋಡೇ ಅವರಿಗೆ ಗೊತ್ತಾಗಿಬಿಡ್ತಿತ್ತು. ನಿನಗೆ ಸುಳ್ಳು ಹೇಳೋಕೆ ಬರಲ್ಲ ಸುಜಾತಾ. ಅದಕ್ಕೇ ನಿನ್ನನ್ನೇ ಕಳಿಸಿದ್ದು."

ಅದನ್ನು ಅವರು ಹೊಗಳಿಕೆಯಂತೆ ಹೇಳಿದರು. ನನ್ನಲ್ಲಿ ಒಳ್ಳೆಯದು ಏನಾದರೂ ಇದ್ದರೆ ಅದನ್ನು ನೋಡಿ, ಅಳೆದು, ತಮ್ಮ ಕೆಲಸಕ್ಕೆ ಬಳಸಿಕೊಂಡಿದ್ದರು. ಮುದ್ದೆ ತಿಂದದ್ದೂ ಕಣ್ಣು ತೊಳೆದದ್ದೂ ಆಗ ಸುಳ್ಳಾಗಿರಲಿಲ್ಲ ಎಂದು ನಾನು ಈಗಲೂ ನಂಬುತ್ತೇನೆ. ಹಾಗಿದ್ದದ್ದರಿಂದಲೇ ಇದು ಹೆಚ್ಚು ನೋಯುತ್ತದೆ.

ಮಲ್ಲಿಪಟ್ಟಣದವರಿಗೆ ಹೋಗಿ ಹೇಳುತ್ತೇನೆ ಎಂದೆ. ಅವರು ಬೀರುವಿನಿಂದ ಕಡತ ತೆಗೆದು ಇಂಗ್ಲಿಷ್ ಪುಟವೊಂದನ್ನು ನನ್ನ ಕಡೆ ತಿರುಗಿಸಿದರು. ಅರ್ಧ ಕುರಿಗಳಿಗೆ ಔಷಧವಿಲ್ಲದ ದ್ರಾವಣ ಸಿಂಪಡಿಸಲಾಗುವುದು ಎಂಬುದನ್ನು ಮಾಲೀಕರಿಗೆ ಅವರ ಭಾಷೆಯಲ್ಲಿ ವಿವರಿಸಿದ್ದೇನೆ ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ. ನನ್ನ ಅಚ್ಚುಕಟ್ಟಾದ, ಅಪ್ಪ ಕೈ ಹಿಡಿದು ತಿದ್ದಿಸಿದ ಸಹಿ.

"ಯೋಚನೆ ಮಾಡಿ ಹೋಗು" ಎಂದರು ಮೇಡಂ.

ಕೆಂಪು ಮುಚ್ಚಳದ ಸೀಸೆಗಳು ಮೂರು ಉಳಿದಿದ್ದವು. ಕೇಳದೆ ಚೀಲಕ್ಕೆ ಹಾಕಿಕೊಂಡು ಹೊರಟೆ. ಅರಕಲಗೂಡಿನವರೆಗೂ ಹೇಗೆ ಹೇಳಬೇಕು ಎಂದು ಮಾತು ಜೋಡಿಸಿಕೊಂಡೆ. ಮಲ್ಲಿಪಟ್ಟಣದಲ್ಲಿ ಇಳಿದಾಗ ಒಂದು ಮಾತೂ ನೆನಪಿರಲಿಲ್ಲ. ಸಿದ್ದಮ್ಮ ಚಿಕ್ಕಿಯ ಮರಿಗೆ ಸೀಸೆಯಲ್ಲಿ ಹಾಲು ಕುಡಿಸುತ್ತಿದ್ದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ನೀಲಿ ಸೀಸೆಯಲ್ಲಿ ಇದ್ದದ್ದು ನೀರು, ನನಗೂ ಗೊತ್ತಿರಲಿಲ್ಲ, ಗೊತ್ತಾದ ಮೇಲೆ ನಿಲ್ಲಲಾಗದೆ ಬಂದೆ.

ಅವರು ಮರಿಯ ಬಾಯಿಂದ ಸೀಸೆ ತೆಗೆಯಲಿಲ್ಲ. ಅದು ಕುಡಿದು ಮುಗಿಸುವವರೆಗೂ ಹಿಡಿದೇ ಇದ್ದರು.

"ಅಂಗಾದ್ರೆ ಅವತ್ತು ನನ್ ಕೈ ಇಡ್ಕಂಡಿದ್ದು ನೀರಿಗಾ?"

ಮರಿಯನ್ನು ಕೆಳಗೆ ಬಿಟ್ಟು ತಮ್ಮ ಅಂಗೈಯನ್ನು ನನ್ನ ಮುಂದೆ ಚಾಚಿದರು.

"ನನ್ ಕೈನಾಗೆ ಸೊಪ್ಪಿತ್ತು. ನಿಮ್ ಔಸ್ದಿದೇ ಸೊಪ್ಪು. ಅದುನ್ನ ಇಡ್ಕಂಡು ನೀರು ಒಡೆದೆ ನೀನು."

ಅಳು ಬಂತು. ಅವರು ಸಮಾಧಾನ ಮಾಡಲಿಲ್ಲ. ಎದ್ದು ನನ್ನ ಚೀಲದ ಕಡೆ ನೋಡಿ, "ಕೆಂಪಿಂದು ದಿಟ್ವಾಗ್ಲೂ ಕೆಲ್ಸ ಮಾಡ್ತದಾ?" ಎಂದರು. ಮಾಡುತ್ತದೆ ಎಂದೆ. "ಕೊಡು ಮತ್ತೆ." ಕೊಟ್ಟೆ. ಆ ಮಧ್ಯಾಹ್ನ ಉಳಿದ ನೀಲಿ ಕುರಿಗಳಿಗೆಲ್ಲ ಇಬ್ಬರೂ ಸೇರಿ ಸಿಂಪಡಿಸಿದೆವು. ಅವರು ಕುರಿ ಹಿಡಿದರು, ನಾನು ಹೊಡೆದೆ. ಮೊದಲಿನಂತೆಯೇ. ಮಾತು ಮಾತ್ರ ಇರಲಿಲ್ಲ. ಕಾಫಿಯೂ ಇರಲಿಲ್ಲ. ಆಮೇಲೆ ಆ ಮಂದೆಯಲ್ಲಿ ಒಂದು ಕುರಿಗೂ ಹುಳ ಬೀಳಲಿಲ್ಲವಂತೆ.

ಹಾಸನಕ್ಕೆ ಬಂದು ದೂರು ಬರೆದೆ. ಇಂಥ ಪ್ರಯೋಗಗಳನ್ನು ಗಮನಿಸಲು ಮೂವರ ಸಮಿತಿಯೊಂದಿತ್ತು. ಅವರಿಗೆ ಕಳಿಸಿದೆ. ಅಪ್ಪ ಓದಿಸಿ ಕೇಳಿ, "ನಿನ್ ಸಹಿ ಇರೋದನ್ನೂ ಬರ್ದಿದ್ದೀಯಾ?" ಎಂದ. ಬರೆದಿದ್ದೇನೆ ಎಂದೆ. "ಅಂಗಾದ್ರೆ ಕಳ್ಸು" ಎಂದ.

ಸೆಪ್ಟೆಂಬರಿನಲ್ಲಿ ವಿಚಾರಣೆ ನಡೆಯಿತು. ಹಾಸನದ ಒಂದು ಹೋಟೆಲಿನ ಸಭಾಂಗಣ, ಉದ್ದನೆಯ ಮೇಜು, ಬಿಸಿ ಬಿಸಿ ಕಾಫಿ. ನನ್ನ ಕೋರಿಕೆಯಂತೆ ಸಿದ್ದಮ್ಮನನ್ನೂ ಕರೆಸಿದ್ದರು. ಅವರು ಬಂದರೆ ಸತ್ಯ ಹೊರಬೀಳುತ್ತದೆ ಎಂದು ನಾನು ನಂಬಿದ್ದೆ. ಹೊರಬಿದ್ದದ್ದೂ ಸತ್ಯವೇ.

ಸಮಿತಿಯ ಹಿರಿಯರು ಮೇಡಂ ಕಡೆ ತಿರುಗಿದರು. ಮಾಲೀಕರಿಗೆ ಯಾಕೆ ತಿಳಿಸಲಿಲ್ಲ ಎಂದು ಕೇಳಿದರು. ಮೇಡಂ ನನ್ನ ಕಡೆ ನೋಡದೆ ಹೇಳಿದರು: "ವಿವರಿಸೋ ಜವಾಬ್ದಾರಿ ಸಹಾಯಕಿಗೆ ಕೊಟ್ಟಿದ್ದೆ ಸರ್. ಓದಿ ಸಹಿ ಮಾಡಿದ್ದಾಳೆ. ಅವಳು ಹೇಳಿರ್ತಾಳೆ ಅಂತ ನಂಬಿದ್ದೆ. ಹುಳ ಬಿದ್ದ ಮೇಲೂ ಚಿಕಿತ್ಸೆ ಬೇಡ ಅಂತ ತಡೆದದ್ದು ಅವಳ ನಿರ್ಧಾರ. ಚಿಕ್ಕ ಹುಡುಗಿ, ಅನುಭವ ಇಲ್ಲ. ಕ್ಷಮಿಸಿಬಿಡಿ ಅಂತ ನಾನೇ ಕೇಳ್ಕೋತೀನಿ."

ನನ್ನ ಪರವಾಗಿ ಕ್ಷಮೆಯನ್ನೂ ಅವರೇ ಕೇಳಿದರು. ನಾನು ಎದ್ದು ನಿಂತು, ಏನೂ ಹಚ್ಚೋದು ಬೇಡ ಎಂದು ಅವರೇ ಹೇಳಿದ್ದು ಎಂದೆ. ಅದಕ್ಕೆ ಏನು ದಾಖಲೆ ಎಂದರು. ದಾಖಲೆಯಿರಲಿಲ್ಲ.

ಆಮೇಲೆ ಸಿದ್ದಮ್ಮನನ್ನು ಕೇಳಿದರು.

"ನಿಮಗೆ ಯಾರಮ್ಮ ಹೇಳಿದ್ದು, ಎರಡರಲ್ಲೂ ಔಷಧ ಇದೆ ಅಂತ?"

ಸಿದ್ದಮ್ಮ ಒಮ್ಮೆ ನನ್ನ ಕಡೆ ನೋಡಿದರು. "ಈ ಮಗ ಸಾ."

"ಸೊಪ್ಪು ಹಚ್ಚೋಕೆ ಹೋದಾಗ ತಡೆದದ್ದು ಯಾರು?"

"ಇವ್ಳೇ ಸಾ. ಕೈ ಇಡ್ಕಂಡ್ಳು."

"ಆ ಮೇಡಂ ಏನಾದ್ರೂ ಹೇಳಿದ್ರಾ ನಿಮಗೆ?"

"ಅವ್ರುನ್ನ ನಾ ಕಂಡೇ ಇರ್ಲಿಲ್ಲ ಸಾ."

ಮೂರು ಉತ್ತರಗಳೂ ನಿಜ. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹಿರಿಯರು ತಲೆಯಾಡಿಸಿ ಬರೆದುಕೊಂಡರು. ಸಹಾಯಕಿಯ ನಿರ್ಲಕ್ಷ್ಯ ಎಂದು ತೀರ್ಮಾನವಾಯಿತು. ಅಂದೇ ನನ್ನ ಕೆಲಸ ಹೋಯಿತು. ಪ್ರಯೋಗ ಮಾತ್ರ ಮುಂದುವರಿಯಿತು. ಔಷಧ ಒಳ್ಳೆಯದಿತ್ತು, ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ, ನನಗೂ ಇರಲಿಲ್ಲ. ಹೊರಡುವಾಗ ಮೇಡಂ ಬಾಗಿಲ ಹತ್ತಿರ ನಿಂತು, "ನಿನಗೆ ಒಳ್ಳೆಯ ಪತ್ರ ಬರೆದುಕೊಡ್ತೀನಿ ಸುಜಾತಾ, ಬೇರೆ ಕಡೆ ಕೆಲಸ ಸಿಗುತ್ತೆ" ಎಂದರು. ಕಣ್ಣಲ್ಲಿ ನೀರಿತ್ತು. ಅದೂ ನಿಜವೇ ಇರಬೇಕು. ನಾನು ಪತ್ರ ಕೇಳಲು ಹೋಗಲಿಲ್ಲ. ಬಿ.ಎಡ್. ಮಾಡಿ ನಮ್ಮೂರಿನ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದೇನೆ.

ವಿಚಾರಣೆ ಮುಗಿದಾಗ ಮೂರು ಗಂಟೆ. ಮಳೆ ನಿಂತಿತ್ತು. ಸಿದ್ದಮ್ಮನಿಗೆ ಹಾಸನದ ಬಸ್ ನಿಲ್ದಾಣ ಹೊಸದು. ಅರಕಲಗೂಡಿನ ಬಸ್ಸು ನಿಲ್ಲುವ ಕಡೆಗೆ ನಾನೇ ಕರೆದುಕೊಂಡು ಹೋದೆ. ಸಿಮೆಂಟಿನ ಬೆಂಚಿನ ಮೇಲೆ ಇಬ್ಬರೂ ಕೂತೆವು. ಅವರು ನನ್ನ ಕಡೆ ತಿರುಗಿದರು.

"ನಾನೇಳಿದ್ಕೇ ನಿಂಗೆ ಏಟು ಬಿತ್ತಾ?"

"ನೀವು ನಿಜ ಹೇಳಿದ್ರಿ ಅಕ್ಕ."

"ಆಯಮ್ಮ ಸುಳ್ಳೇಳಿದ್ಳು. ನಂಗೊತ್ತಾಯ್ತು. ನಿನ್ ಮೊಕ ನೋಡ್ದೆಯಾ ಮಾತಾಡಿದ್ಳು."

ನನಗೆ ಎಷ್ಟೋ ದಿನದ ಮೇಲೆ ಉಸಿರು ಸಲೀಸಾಯಿತು. ಒಬ್ಬರಿಗಾದರೂ ಗೊತ್ತಾಯಿತಲ್ಲ ಎನಿಸಿತು. ತಡೆಯಲಾರದೆ ಹೇಳಿಬಿಟ್ಟೆ: "ಅವರು ನಮ್ಮಿಬ್ರಿಗೂ ಮೋಸ ಮಾಡಿದ್ರು ಅಕ್ಕ. ನಿಮಗೂ, ನನಗೂ."

ಅಷ್ಟರಲ್ಲಿ ಬಸ್ಸು ಬಂತು. ಜನ ನುಗ್ಗಿದರು. ಸಿದ್ದಮ್ಮ ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟರು. ಬಯ್ಯುವ ಧ್ವನಿಯಲ್ಲ, ಮಗುವಿಗೆ ತಿಳಿಸಿ ಹೇಳುವ ಧ್ವನಿಯಲ್ಲಿ ಹೇಳಿದರು:

"ಇಲ್ಲ ಕಣ್ ಮಗ. ಆಯಮ್ಮ ಮೋಸ ಮಾಡಿದ್ದು ನಿಂಗೆ. ನಾನ್ ಆಯಮ್ಮನ ಮೊಕ ನೋಡಿದ್ದು ಇವತ್ತೇಯಾ. ನಾನ್ ನಂಬಿದ್ದು ನಿನ್ನ."

ಹತ್ತಿ ಹೋದರು. ಬಸ್ಸು ತಿರುಗಿ ರಸ್ತೆಗೆ ಸೇರುವವರೆಗೂ ನಾನು ಅಲ್ಲೇ ನಿಂತಿದ್ದೆ.